ದೇವಪ್ಪನವರ ಲಾರಿಗೆ ಗಾಳಿಚಕ್ರ ಆರಿಸಿದ ಮೇಷ್ಟ್ರು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಡೀಸೆಲ್ ಎಂಜಿನ್ ಬಿಚ್ಚಿ ಮತ್ತೆ ಜೋಡಿಸಬಲ್ಲವರ ಪಟ್ಟಿಯೊಂದನ್ನು ಯಾರಾದರೂ ಮಾಡಹೊರಟರೆ, ಅದರ ಮುಕ್ಕಾಲು ಪಾಲು ಹೆಸರುಗಳು ಪೂಜ್ಯ ಶ್ರೀ ವೆಂಕಟಯ್ಯನವರ ಹಾಜರಿ ಪುಸ್ತಕದಿಂದಲೇ ಬಂದಿರುತ್ತವೆ. ಉಳಿದ ಕಾಲು ಪಾಲಿನವರೂ ಬಿಚ್ಚಬಲ್ಲರು. ಜೋಡಿಸುವುದಕ್ಕೆ ನಮ್ಮನ್ನು ಕರೆಯುತ್ತಾರೆ. ಮೂವತ್ತೊಂದು ವರ್ಷ ಐಟಿಐಯ ಡೀಸೆಲ್ ಮೆಕ್ಯಾನಿಕ್ ವಿಭಾಗದ ಬೋಧಕರಾಗಿ ದುಡಿದು ಈ ಮೇ ತಿಂಗಳಲ್ಲಿ, ಅಂದರೆ ೨೦೦೯ರಲ್ಲಿ, ನಿವೃತ್ತರಾಗುತ್ತಿರುವ ಗುರುಗಳ ಬಗ್ಗೆ ಬರೆಯುವ ಭಾಗ್ಯ ನನ್ನದಾಗಿದೆ. ಅಭಿನಂದನ ಸಮಿತಿಯವರು ಗುಣಗಳನ್ನು ಮಾತ್ರ ಬರೆಯಬೇಕೆಂದು ಸೂಚಿಸಿದ್ದಾರೆ. ಪ್ರಯತ್ನಿಸಿದ್ದೇನೆ.

ಮೇಷ್ಟ್ರು ೧೯೭೮ರಲ್ಲಿ ಕೆಲಸಕ್ಕೆ ಸೇರಿದಾಗ ವಿಭಾಗದಲ್ಲಿದ್ದದ್ದು ಒಂದೇ ಎಂಜಿನ್, ಅದೂ ತಿರುಗುತ್ತಿರಲಿಲ್ಲ ಎಂದು ಹಿರಿಯರು ಹೇಳುತ್ತಾರೆ. ನಾನು ಶಿಷ್ಯನಾದದ್ದು ೧೯೯೭ರಲ್ಲಿ. ಅಳತೆ ಕೇಳಿದಾಗ ‘ಸುಮಾರು’ ಎಂದವನು ಅಂದು ವರ್ಕ್‌ಶಾಪ್ ಗುಡಿಸಬೇಕೆಂಬುದು ಅವರ ಕಟ್ಟಳೆ. ನಮ್ಮ ತಂಡದ ಕಾಲದಲ್ಲಿ ಆ ನೆಲ ಕನ್ನಡಿಯಂತಿತ್ತು. ಲೆಕ್ಕದ ಪರೀಕ್ಷೆಯಲ್ಲಿ ನಾನು ಡುಮ್ಕಿ ಹೊಡೆದಾಗ ಮೂರು ತಿಂಗಳು ಮನೆಗೇ ಕರೆಸಿ ಪಾಠ ಹೇಳಿದರು. ಲೆಕ್ಕಕ್ಕಿಂತ ಅವರ ಧರ್ಮಪತ್ನಿ ಕಮಲಕ್ಕನವರ ನೀರುದೋಸೆಯೇ ನನಗೆ ಚೆನ್ನಾಗಿ ದಕ್ಕಿತಾದರೂ, ಎರಡನೆಯ ಸಲ ಪಾಸಾದೆ. ೨೦೦೪ರಲ್ಲಿ ಕೊಪ್ಪದ ಬಸ್ ಸ್ಟ್ಯಾಂಡಿನ ಹತ್ತಿರ ಗ್ಯಾರೇಜು ತೆರೆದಾಗ ಬೋರ್ಡನ್ನು ಮೊಳೆ ಹೊಡೆದು ನಿಲ್ಲಿಸಿದವರೂ ಅವರೇ.

ಆ ಬೋರ್ಡು ಇಳಿಯುವ ಹಂತಕ್ಕೆ ಬಂದದ್ದು ೨೦೦೬ರಲ್ಲಿ. ಕಡಹಿನಬೈಲಿನ ದೇವಪ್ಪನವರ ಲಾರಿ ಜಂಬಿಟ್ಟಿಗೆ ಕಲ್ಲು ತುಂಬಿಕೊಂಡು ಬೇಗಾರಿನ ಏರಿಗೆ ಬಂದರೆ ನಡುವೆ ಉಸಿರು ಬಿಡುತ್ತಿತ್ತು. ಪ್ರತಿ ಸಲವೂ ಅವರ ಭಾವ ಗೋವಿಂದಣ್ಣ ಟ್ರ್ಯಾಕ್ಟರ್ ತಂದು ಎಳೆಯುತ್ತಿದ್ದರು, ಎಳೆದ ಕತೆಯನ್ನು ಊರಿನ ಎಲ್ಲ ಮದುವೆಮನೆಗಳಲ್ಲಿ ಬಡಿಸುತ್ತಿದ್ದರು. ದೇವಪ್ಪನವರು ಮದುವೆಗೆ ಹೋಗುವುದನ್ನೇ ಬಿಟ್ಟರು. ಶಿವಮೊಗ್ಗದ ಸೈಬರ್ ಕೆಫೆಯೊಂದರಲ್ಲಿ ಅಮೆರಿಕದ ಲಾರಿಗಳನ್ನು ನೋಡಿ ಬಂದಿದ್ದ ನಾನು, ನಿಮ್ಮ ಲಾರಿಗೆ ಎರಡನೆಯ ಟರ್ಬೋ ಹಾಕಿಕೊಡುತ್ತೇನೆ, ಏರು ಹತ್ತದಿದ್ದರೆ ಬೋರ್ಡು ಇಳಿಸಿ ಗದ್ದೆ ಕೆಲಸಕ್ಕೆ ಹೋಗುತ್ತೇನೆ ಎಂದುಬಿಟ್ಟೆ. ಬಸ್ ಸ್ಟ್ಯಾಂಡಿನಲ್ಲಿ ನಿಂತು ಹೇಳಿದ ಮಾತು. ಸಂಜೆಯೊಳಗೆ ಶೃಂಗೇರಿಗೂ ಮುಟ್ಟಿತ್ತು. ರಾತ್ರಿಯೊಳಗೆ ನಾನು ಮೇಷ್ಟ್ರ ಮನೆ ಮುಟ್ಟಿದ್ದೆ.

ಟರ್ಬೋ ಎಂದರೆ ಎಂಜಿನ್ನಿಗೆ ಗಾಳಿ ತುರುಕುವ ಯಂತ್ರ; ಗಾಳಿ ಎಳೆದುಕೊಳ್ಳುವ ಅದರ ಚಕ್ರಕ್ಕೆ ಕಂಪ್ರೆಸರ್ ವೀಲ್ ಎನ್ನುತ್ತೇವೆ. ದೊಡ್ಡ ಟರ್ಬೋ ಒಂದು ಸಲ ಒತ್ತಿದ ಗಾಳಿಯನ್ನು ಲಾರಿಯ ಹಳೆಯ ಸಣ್ಣ ಟರ್ಬೋ ಮತ್ತೊಮ್ಮೆ ಒತ್ತಬೇಕು. ಹೊಸ ಚಕ್ರ ತೀರಾ ದೊಡ್ಡದಾದರೆ ಮೈಮುರಿದು ಏಳುವುದೇ ಇಲ್ಲ, ಸಣ್ಣದಾದರೆ ಗಾಳಿಯ ದಾರಿಗೇ ಅಡ್ಡ. ಹಳೆಯ ಚಕ್ರದ ಬಾಯಿ ನಲವತ್ತಾರು ಮಿಲಿಮೀಟರ್ ಇರುವುದರಿಂದ ಹೊಸದರ ಬಾಯಿ ಅರವತ್ತೈದು ಇರತಕ್ಕದ್ದೆಂದು ಮೇಷ್ಟ್ರು ಲೆಕ್ಕ ಹಾಕಿದ್ದರು. ಆ ಲೆಕ್ಕ ಇಂದಿಗೂ ಸರಿ.

ಗುಜರಿಯಿಂದ ತಂದ ಮೂರು ಚಕ್ರಗಳನ್ನು ಗೋಣಿಚೀಲದ ಮೇಲಿಟ್ಟಾಗ, ಹೆಣ್ಣು ನೋಡಲು ಬಂದಂತೆ ದೇವಪ್ಪನವರ ಕುಟುಂಬವೇ ಬಂದು ಕೂತಿತು.

“ಹಾಕೋದೇ ಹಾಕೋದು, ದೊಡ್ಡದೇ ಹಾಕಿ ಮೇಷ್ಟ್ರೇ” ಎಂದರು ದೇವಪ್ಪನವರು.

“ಮಧ್ಯದ್ದು ಲಾಯ್ಕಿದೆ. ಅತಿ ದೊಡ್ಡದೂ ಬ್ಯಾಡ, ಸಣ್ಣದೂ ಬ್ಯಾಡ” ಎಂದರು ಅವರ ಪತ್ನಿ ಯಮುನಮ್ಮ, ಪಾತ್ರೆ ಅಂಗಡಿಯಲ್ಲಿ ಹೇಳುವಂತೆ.

“ಯಾವ್ದಾದ್ರೂ ಹಾಕಿ, ಹಗ್ಗ ನನ್ ಹತ್ರ ಇದೆ” ಎಂದರು ಗೋವಿಂದಣ್ಣ.

ಮೇಷ್ಟ್ರಿಗೆ ರೇಗಿತು. ಗೋವಿಂದಣ್ಣನ ಕಡೆ ತಿರುಗಿ, ಚಕ್ರವನ್ನು ಕಣ್ಣಳತೆಯಲ್ಲಿ ಆರಿಸಬಾರದು, ಅಗಲವಾದ ಬುಡ ನೋಡಿ ಮೋಸಹೋಗಬಾರದು, ಗಾಳಿ ನುಗ್ಗುವ ಬಾಯನ್ನೇ ಅಳೆಯಬೇಕು ಎಂದು ಭಾಷಣ ಮಾಡುತ್ತಾ, ಬೋರಲಾಗಿ ಮಲಗಿದ್ದ ಸಣ್ಣ ಚಕ್ರದ ಬುಡಕ್ಕೆ ವರ್ನಿಯರ್ ಹಿಡಿದು ಅಳೆದರು. ಅರವತ್ತೈದು ಬಂತು. “ನೋಡಿ, ಎಲ್ಲರೂ ದೊಡ್ಡದು ದೊಡ್ಡದು ಅಂತೀರಿ. ಲೆಕ್ಕ ಹೇಳೋದೇ ಬೇರೆ” ಎಂದು ಅದನ್ನೇ ನನ್ನ ಕೈಗಿತ್ತರು.

ಅವರು ಬುಡ ಅಳೆದದ್ದನ್ನು ನಾನು ಕಂಡೆ. ಎಲ್ಲರೂ ಹೋದಮೇಲೆ ಬಾಯಿ ಅಳೆದೆ, ನಲವತ್ತೆಂಟು. ಯಮುನಮ್ಮನವರು ಮೆಚ್ಚಿದ ನಡುವಣ ಚಕ್ರದ್ದು ಸರಿಯಾಗಿ ಅರವತ್ತೈದು. ಆದರೆ ಗುರುಗಳ ಅಳತೆ ತಪ್ಪಿದ್ದರೆ ಮಿಲಿಮೀಟರಿನದೇ ಏನೋ ದೋಷವಿರಬೇಕೆಂದು ನಂಬುವ ಪೈಕಿ ನಾನು. ಬಾಯಿ ಮುಚ್ಚಿಕೊಂಡು ಸಣ್ಣದನ್ನೇ ಕೂರಿಸಿದೆ.

ಬೇಗಾರಿನ ಏರಿನಲ್ಲಿ ಲಾರಿ ಹಿಂದೆಂದಿಗಿಂತ ಇಪ್ಪತ್ತು ಮಾರು ಮೊದಲೇ ನಿಂತಿತು, ಕುಕ್ಕರಿನಂತೆ ಸಿಳ್ಳೆ ಹೊಡೆಯುತ್ತಾ. ಗೋವಿಂದಣ್ಣ ಒಂದು ಮಾತೂ ಆಡದೆ ಬಂದು ಹಗ್ಗ ಕಟ್ಟಿ ಲಾರಿಯನ್ನು ನನ್ನ ಗ್ಯಾರೇಜಿಗೆ ಎಳೆದು ತಂದರು. ಅವರು ನಾಲ್ಕು ಬೈದಿದ್ದರೆ ಎಷ್ಟೋ ವಾಸಿಯಿತ್ತು. ದೇವಪ್ಪನವರು ನನ್ನ ಮುಖ ನೋಡಲಿಲ್ಲ. ಸಂಜೆ ನಾನು ಏಣಿ ಹತ್ತಿ ಬೋರ್ಡಿನ ಮೊಳೆ ಕೀಳುತ್ತಿದ್ದಾಗ ಮೇಷ್ಟ್ರು ಬಸ್ಸಿಳಿದು ಬಂದರು. ನೇರವಾಗಿ ಟರ್ಬೋ ಬಿಚ್ಚಿ, ಚಕ್ರ ತೆಗೆದು, ಬಾಯಿ ಅಳೆದರು.

“ನೀ ಅಳೆದಿದ್ಯಾ?”

“ಅಳೆದಿದ್ದೆ ಸಾರ್.”

“ಎಷ್ಟು ಬಂತು?”

“ನಲವತ್ತೆಂಟು.”

“ಮತ್ತೆ ಹೇಳಕ್ಕೆ ಎಂತ ಆಗಿತ್ತು ಮಾರಾಯ ನಿಂಗೆ?”

“ನೀವು ಆರಿಸಿದ್ದಲ್ವಾ ಸಾರ್.”

ಅಷ್ಟು ವರ್ಷದಲ್ಲಿ ಅವರು ನನ್ನನ್ನು ಹಾಗೆ ಬೈದದ್ದು ಅದೊಂದೇ ಸಲ. ತಪ್ಪು ಅಳತೆಗಿಂತ ನನ್ನ ಮರ್ಯಾದೆಯೇ ಅವರಿಗೆ ದೊಡ್ಡ ಅವಮಾನವಾಗಿತ್ತು. ಮರುದಿನ ಬೆಳಿಗ್ಗೆ ರಜೆ ಹಾಕಿ ಕಡಹಿನಬೈಲಿಗೆ ಹೋಗಿ, ಗೋವಿಂದಣ್ಣನನ್ನೂ ಕರೆಸಿ, ದೇವಪ್ಪನವರ ಜಗಲಿಯಲ್ಲಿ ನಿಂತುಕೊಂಡೇ ಹೇಳಿದರು: “ಬುಡ ಅಳೆದೋನು ನಾನು. ಇವನು ಸರಿ ಅಳೆದಿದ್ದ. ಯಮುನಮ್ಮ ಅಳೆಯದೇನೇ ಸರಿ ಹೇಳಿದ್ರು. ಬೋರ್ಡು ಇಳಿಸೋದಿದ್ರೆ ನಂದು ಇಳಿಸಿ.” ನನಗೆ ಕಣ್ಣಲ್ಲಿ ನೀರು ಬಂತು. ಇಪ್ಪತ್ತೆಂಟು ವರ್ಷದ ಹೆಸರನ್ನು ಎರಡು ವರ್ಷದ ಗ್ಯಾರೇಜಿಗಾಗಿ ಜಗಲಿಯ ಮೇಲಿಟ್ಟ ಇನ್ನೊಬ್ಬರನ್ನು ನಾನು ಕಂಡಿಲ್ಲ.

ನಡುವಣ ಚಕ್ರ ಕೂರಿಸಿದ ಲಾರಿ ಪೂರ್ತಿ ಲೋಡಿನಲ್ಲಿ ಬೇಗಾರಿನ ಏರು ಹತ್ತಿ ಮೇಲೆ ನಿಂತು ಹಾರನ್ ಹೊಡೆಯಿತು. ದೇವಪ್ಪನವರು ಆ ವಾರವೇ ಮೂರು ಮದುವೆಗಳಿಗೆ ಹೋದರು, ಒಂದಕ್ಕೆ ಕರೆಯೋಲೆಯೂ ಇರಲಿಲ್ಲ.

ಈ ಪ್ರಸಂಗವನ್ನು ಕೈಬಿಡಬೇಕೆಂದು ಸಮಿತಿಯವರು ಹೇಳಿದಾಗ ಹಸ್ತಪ್ರತಿಯನ್ನು ಮೇಷ್ಟ್ರಿಗೇ ತೋರಿಸಿದೆ. “ಇದೇ ಇರಲಿ. ಉಳಿದದ್ದನ್ನ ಎಲ್ಲರೂ ಬರೀತಾರೆ” ಎಂದರು. ನಿವೃತ್ತಿಯ ಮಾರನೆಯ ದಿನದಿಂದ ನನ್ನ ಗ್ಯಾರೇಜಿಗೆ ದಿನವೂ ಬರುತ್ತಾರಂತೆ. ಪೂಜ್ಯ ಗುರುಗಳಿಗೆ ಭಗವಂತನು ಆಯುರಾರೋಗ್ಯಗಳನ್ನಿತ್ತು, ನೂರು ವರ್ಷ ಅವರ ಕೈಗೆ ಗ್ರೀಸು ಅಂಟಿರುವಂತೆ ಮಾಡಲಿ. ಅವರು ತಪ್ಪಿದಾಗ “ಸಾರ್, ಇದು ತಪ್ಪು” ಎನ್ನುವಷ್ಟು ಧೈರ್ಯವನ್ನು ನನಗೂ ಕೊಡಲಿ; ನಾನು ಅವರಿಗೆ ಇನ್ನೂ ಸಲ್ಲಿಸದೆ ಉಳಿದಿರುವ ಗುರುದಕ್ಷಿಣೆ ಅದೊಂದೇ.