ಕ್ರಿಸ್ಪಿನ್ ಮೇಷ್ಟ್ರು ಮುಚ್ಚಿಟ್ಟ ಸುದ್ದಿ

ಇಲೋಯ್ಲೊ ಕಡೆಯವರ ಮಾತು ಬೆಣ್ಣೆ ಎಂದು ಉಳಿದ ಫಿಲಿಪ್ಪೀನಿಗಳು ಆಡಿಕೊಂಡು ನಗುತ್ತಾರೆ. ಅಲ್ಲಿ ಗಂಡ ಹೆಂಡತಿ ಜಗಳವಾಡಿದರೂ ಪಕ್ಕದ ಮನೆಗೆ ಜೋಗುಳದಂತೆ ಕೇಳಿಸುತ್ತದಂತೆ. ಕ್ರಿಸ್ಪಿನ್ ಆ ಕಡೆಯವನು, ಅದರಲ್ಲೂ ಒಂದು ಕೈ ಮೇಲು. ಮಿಯಾಗಾವ್ ಎಂಬ ಕಡಲ ದಂಡೆಯ ಊರಿನಲ್ಲಿ ಹುಟ್ಟಿ, ಮೇಷ್ಟ್ರಾಗಿ, ಮೇಷ್ಟ್ರಮ್ಮನನ್ನೇ ಮದುವೆಯಾಗಿ, ಇಬ್ಬರೂ ಥಾಯ್ಲೆಂಡಿನ ಉಡೋನ್ ಸೀಮೆಯ ಒಂದು ಶಾಲೆಗೆ ಬಂದು ಸೇರಿದ್ದರು. ಆ ಶಾಲೆಯ ಗೇಟಿನ ಮೇಲೆ ಒಬ್ಬ ಬಿಳಿ ಮೇಷ್ಟ್ರ ಆಳೆತ್ತರದ ಫೋಟೊ ಇತ್ತು. ಆ ಮಹಾಶಯ ಕೆಲಸ ಬಿಟ್ಟು ಹೋಗಿ ಯಾವ ಕಾಲವಾಗಿತ್ತೋ. ಅವನ ಪಾಠವನ್ನೂ ಕ್ರಿಸ್ಪಿನ್‌ನೇ ಮಾಡುತ್ತಿದ್ದ, ದಿನಾ ಆ ಫೋಟೊದ ಕೆಳಗೇ ನುಸುಳಿಕೊಂಡು ಒಳಗೆ ಹೋಗುತ್ತಿದ್ದ, ಅದನ್ನು ತೆಗೆಯಿರಿ ಎಂದು ಒಮ್ಮೆಯೂ ಕೇಳಲಿಲ್ಲ.

"ನಾಳೆ ನಿನ್ನನ್ನೇ ಆ ಗೇಟಿಗೆ ಮೊಳೆ ಹೊಡೆದು ನೇತುಹಾಕಿದ್ರೂ ಆಯ್ತು ಸಾರ್ ಅಂತೀಯ ನೀನು," ಎಂದು ಹೆಂಡತಿ ರೊವೆನಾ ರೇಗಿಸುತ್ತಿದ್ದಳು.

ಈ ಮೆತ್ತಗಿನ ಸ್ವಭಾವ ಅವನಿಗೆ ಮನೆಯಿಂದಲೇ ಬಂದದ್ದು. ಅವನು ಪಟ್ಟಣದಲ್ಲಿ ಮೇಷ್ಟ್ರ ಪರೀಕ್ಷೆಗೆ ಕೂತಿದ್ದಾಗ ಊರಿನಲ್ಲಿ ಅಪ್ಪ ತೀರಿಕೊಂಡಿದ್ದ. ಹುಡುಗನ ಪರೀಕ್ಷೆ ಕೆಡಬಾರದೆಂದು ಮನೆಯವರೆಲ್ಲ ಒಂದಾಗಿ ಬಾಯಿಗೆ ಬೀಗ ಹಾಕಿಕೊಂಡರು. ಪರೀಕ್ಷೆ ಮುಗಿಸಿ ನಗುನಗುತ್ತಾ ಊರಿಗೆ ಹೋದವನಿಗೆ ತೋರಿಸಿದ್ದು ಹಸಿ ಸಿಮೆಂಟಿನ ಗೋರಿ. ಅವನು ಪಾಸಾದ ಮೇಲೆ, ನೋಡಿದೆಯಾ, ಹೇಳದೆ ಇದ್ದದ್ದು ಎಷ್ಟು ಒಳ್ಳೆಯದಾಯಿತು ಎಂದು ಚಿಕ್ಕಪ್ಪಂದಿರು ಬೆನ್ನು ತಟ್ಟಿದರು. ಅವನು ಹೂಂ ಅಂದ. ಹೊಟ್ಟೆಯೊಳಗೆ ಬೆಂಕಿ ಇದ್ದರೂ ಹೂಂ ಅಂದ. ಮುಚ್ಚಿಡುವುದೂ ಪ್ರೀತಿಯ ಒಂದು ಬಗೆ ಎಂದು ಅವನ ತಲೆಗೆ ಹತ್ತಿದ್ದು ಆವಾಗಲೇ.

ಅಕ್ಟೋಬರಿನ ರಜೆಗೆ ಇಬ್ಬರೂ ಬ್ಯಾಂಕಾಕಿಗೆ ಹೊರಟಿದ್ದರು. ರೊವೆನಾಗೆ ಐದು ತಿಂಗಳು. ಹಿಂದೆ ಎರಡು ಸಲ ನಿಂತದ್ದು ಕೈಜಾರಿ ಹೋಗಿತ್ತು. ಈ ಸಲದ್ದು ಗಟ್ಟಿಯಾಗಿ ಕೂತಿದೆ ಎಂದು ಡಾಕ್ಟರು ಹೇಳಿದ ಮೇಲೆಯೇ ಅವಳು ಮನೆಯಿಂದ ಆಚೆ ಕಾಲಿಡಲು ಒಪ್ಪಿದ್ದು. ಹೆರಿಗೆಗೆ ತವರಿಗೆ ಹೋಗುವುದು, ಅಮ್ಮನ ಕೈಯಲ್ಲೇ ಮಗುವಿಗೆ ಮೊದಲ ನೀರು ಹಾಕಿಸುವುದು, ಇವೆಲ್ಲ ನಿಶ್ಚಯವಾಗಿತ್ತು. ಊರಿಗೆ ಒಯ್ಯಬೇಕಾದ ಉಡುಗೊರೆಗಳನ್ನು ಈ ರಜೆಯಲ್ಲೇ ಕೊಂಡಿಡುವ ಸಂಭ್ರಮ ಅವಳದು.

ಬಸ್ಸು ಹತ್ತುವ ಬೆಳಿಗ್ಗೆ ಊರಿನಿಂದ ಅವನ ಫೋನಿಗೆ ಕರೆ ಬಂತು. ರೊವೆನಾಳ ಅಕ್ಕ ಮೆಲಿಂಡಾ. ತನಗಿಂತ ಚಿಕ್ಕವರೆಂದು ಅವನನ್ನು ಟೋಟೋ, ರೊವೆನಾಳನ್ನು ಇಂಡೈ ಎಂದೇ ಕರೆಯುವವಳು.

"ಟೋಟೋ, ಅವಳು ಹತ್ರ ಇದಾಳಾ? ಸ್ವಲ್ಪ ಆಚೆ ಬಾ."

ಅವನು ಬಸ್‌ ನಿಲ್ದಾಣದ ಕಂಬದ ಮರೆಗೆ ಹೋದ.

"ನಮ್ಮಮ್ಮ ಹೋಗ್ಬಿಟ್ರು ಕಣೋ, ನಾನಾಯ್ ಹೋಗ್ಬಿಟ್ರು. ಅಂಗಳ ಗುಡಿಸ್ತಾ ಇದ್ದೋರು ಅಲ್ಲೇ ಕೂತ್ಕೊಂಡ್ರು, ಏಳ್ಲೇ ಇಲ್ಲ." ಮೆಲಿಂಡಾ ಅಳುತ್ತಿದ್ದಳು, ಅಳುತ್ತಲೇ ವ್ಯವಸ್ಥೆಯನ್ನೂ ಹೇಳುತ್ತಿದ್ದಳು. "ಇಂಡೈಗೆ ಹೇಳ್ಬೇಡ. ಬಸುರಿ ಹೆಂಗ್ಸು ಹೆಣ ನೋಡ್ಬಾರ್ದು, ಜಾಗರಣೆ ಮನೆಗೆ ಕಾಲೇ ಇಡ್ಬಾರ್ದು. ನಿಂಗೆ ಗೊತ್ತಲ್ಲ. ಎರಡು ಹೋಗಿದೆ, ಇದೂ ಹೋದ್ರೆ ಅವಳು ಉಳಿಯಲ್ಲ. ತಮ್ಮ ಡೊಡೋಂಗ್ ಹಡಗಿನಿಂದ ಇಳಿದು ಬರಬೇಕು, ಅವನಿಗೋಸ್ಕರ ಶನಿವಾರದವರೆಗೂ ಇಡ್ತೀವಿ. ಮಣ್ಣಾದ್ಮೇಲೆ ನಾನೇ ಹೇಳ್ತೀನಿ. ಅಲ್ಲೀವರೆಗೂ ನಗ್ಸಿ ಇಟ್ಕೊ ಅವಳನ್ನ."

"ಆಯ್ತು, ಮನಾಂಗ್," ಅಂದ ಕ್ರಿಸ್ಪಿನ್, ಹೆಂಡತಿ ಅಕ್ಕನನ್ನು ಕರೆಯುವಂತೆಯೇ.

ಅಷ್ಟೇ. ಆ ಒಂದು ಆಯ್ತು ಅವನ ಬಾಯಿಂದ ಅಭ್ಯಾಸಬಲದಿಂದ ಬಂತು. ಕಂಬದ ಮರೆಯಿಂದ ಈಚೆ ಬಂದರೆ ರೊವೆನಾ ಹುರಿದ ಬಾಳೆಹಣ್ಣಿನ ಪೊಟ್ಟಣ ಹಿಡಿದು ನಿಂತಿದ್ದಳು. "ಯಾರು?" ಅಂದಳು. "ಶಾಲೆಯವರು," ಅಂದ. ಮೊದಲ ಸುಳ್ಳು ಇಷ್ಟು ಸಲೀಸಾಗಿ ಹೊರಬಿತ್ತು.

ಎರಡನೆಯದು ಅಷ್ಟು ಸಲೀಸಾಗಲಿಲ್ಲ. ಫಿಲಿಪ್ಪೀನಿಗಳಲ್ಲಿ ಒಬ್ಬರು ಸತ್ತರೆ ದುಬೈಯಿಂದ ರೋಮಿನವರೆಗೂ ಇರುವ ನಂಟರೆಲ್ಲ ಫೋನಿನಲ್ಲಿ ತಮ್ಮ ಮುಖ ತೆಗೆದು ಮೇಣದ ಬತ್ತಿಯ ಚಿತ್ರ ಹಾಕುತ್ತಾರೆ. ಮೆಲಿಂಡಾ ಎಷ್ಟು ಜನರ ಬಾಯಿ ಕಟ್ಟಲಾದೀತು? ಬಸ್ಸಿನಲ್ಲಿ ರೊವೆನಾ ಅವನ ಹೆಗಲ ಮೇಲೆ ನಿದ್ದೆ ಹೋದಾಗ ಕ್ರಿಸ್ಪಿನ್ ಅವಳ ಫೋನನ್ನು ಮೆಲ್ಲಗೆ ಎತ್ತಿಕೊಂಡು, ಶೌಚಕ್ಕೆ ಬಸ್ ನಿಲ್ಲಿಸಿದ ಕಡೆ ನಲ್ಲಿಯ ಕೆಳಗೆ ಹಿಡಿದ. ಕನ್ನಡಿಯಲ್ಲಿ ತನ್ನ ಮುಖ ಕಂಡಿತು. ಹೆಂಡತಿಯ ಫೋನಿಗೆ ಸ್ನಾನ ಮಾಡಿಸುತ್ತಿರುವ ಗಂಡಸು ಎಷ್ಟು ಪೆಚ್ಚಾಗಿ ಕಾಣಬಹುದೋ ಅಷ್ಟು ಪೆಚ್ಚಾಗಿ ಕಂಡ.

"ನಿನ್ನ ಚೀಲದಲ್ಲಿ ನೀರಿನ ಬಾಟ್ಲಿ ಸೋರಿದೆ, ಲಾಂಗ್ಗಾ," ಎಂದ ಆಮೇಲೆ, ಎಂದಿನಂತೆ ಮುದ್ದಿನಿಂದ ಕರೆದು. "ಬ್ಯಾಂಕಾಕಲ್ಲಿ ರಿಪೇರಿ ಮಾಡಿಸೋಣ."

ಪ್ರತುನಾಮ್ ಪೇಟೆಯ ಒಬ್ಬ ರಿಪೇರಿಯವನಿಗೆ ಫೋನು ಕೊಟ್ಟು, ನಾನು ಬಂದು ಕೇಳುವವರೆಗೂ ಇದನ್ನು ಬಿಚ್ಚಲೇಬೇಡ ಎಂದು ತನ್ನ ಹರಕು ಥಾಯ್ ಭಾಷೆಯಲ್ಲಿ ಹೇಳಿದ. ಅಂಗಡಿಯವನು ಅವನನ್ನು ಮೇಲಿಂದ ಕೆಳಗೆ ನೋಡಿದ. ಹೆಂಡತಿಯ ಕಣ್ಣಿಗೆ ಮಣ್ಣೆರಚುವ ಗಂಡಸರನ್ನು ಆತ ದಿನಾ ನೋಡಿರಬೇಕು. ಅವರೆಲ್ಲರ ಕಾರಣ ಬೇರೆ, ನನ್ನ ಕಾರಣ ಬೇರೆ ಎಂದು ಕ್ರಿಸ್ಪಿನ್‌ಗೆ ಕೂಗಿ ಹೇಳಬೇಕೆನ್ನಿಸಿತು.

ಮಾರನೆಯ ದಿನ ಅದೇ ಪೇಟೆಯಲ್ಲಿ ಉಡುಗೊರೆಯ ವ್ಯಾಪಾರ. ಬಟ್ಟೆ ಹೊತ್ತ ಗಾಡಿಗಳು, ನೂಕುನುಗ್ಗಲು, ಬೆವರು. ಅದರ ನಡುವೆ ರೊವೆನಾ ಒಂದು ಕೈ ಸೊಂಟಕ್ಕೆ ಕೊಟ್ಟುಕೊಂಡು, ಮನೆಯಲ್ಲಿ ತೊಡುವ ಸಡಿಲ ನೈಟಿಗಳನ್ನು ಒಂದೊಂದಾಗಿ ಬಿಡಿಸಿ ನೋಡುತ್ತಿದ್ದಳು.

"ನಾನಾಯ್‌ಗೆ ಆನೆ ಚಿತ್ರ ಇರೋದು ತಗೊಳ್ಳಲಾ? ಬೇಡ, ಈ ವಯಸ್ಸಲ್ಲಿ ನನ್ನ ಸರ್ಕಸ್ ಮಾಡ್ತೀಯಾ ಅಂತ ಬೈತಾರೆ. ಹೂವಿಂದೇ ಇರ್ಲಿ. ದೊಡ್ಡದು ಬೇಕಾ, ನಡುವಿನದು ಸಾಕಾ?"

"ನಡುವಿನದು," ಅಂದ ಕ್ರಿಸ್ಪಿನ್.

"ನೀನು ಯಾವಾಗ ನೋಡಿದ್ದೆ ಅವರನ್ನ? ಈಚೆಗೆ ದಪ್ಪಗಾಗಿದಾರೆ ಅಂತ ಮನಾಂಗ್ ಅಂದಿದ್ರು."

"ಹಾಗಾದ್ರೆ ದೊಡ್ಡದು."

"ನಿನ್ನನ್ನ ಕೇಳೋದಕ್ಕಿಂತ ಈ ಗೊಂಬೇನ ಕೇಳೋದು ವಾಸಿ," ಎಂದು ಅವಳು ಅಂಗಡಿಯ ಪ್ಲಾಸ್ಟಿಕ್ ಗೊಂಬೆಯ ಕಡೆ ಕೈ ತೋರಿಸಿ ನಕ್ಕಳು. ಕ್ರಿಸ್ಪಿನ್ ಕೂಡ ನಗಬೇಕಾಯಿತು. ನಕ್ಕ. ಸತ್ತವಳ ಅಳತೆಗೆ ಬಟ್ಟೆ ಆರಿಸುತ್ತಿದ್ದಾಳಲ್ಲ ದೇವರೇ ಎಂದು ಒಳಗೊಳಗೇ ಅಂದುಕೊಂಡ. ಆಗಲೇ ಹೇಳಿದ್ದರೆ ಆ ದಿನವೇ ವಿಮಾನ ಹತ್ತಬಹುದಿತ್ತು. ಮನಿಲಾ, ಅಲ್ಲಿಂದ ಇಲೋಯ್ಲೊ, ಮಣ್ಣಿನ ಹೊತ್ತಿಗೆ ತಲುಪಬಹುದಿತ್ತು. ಅವಳ ಮೊಗದಲ್ಲಿ ಎಷ್ಟೋ ಕಾಲದ ಮೇಲೆ ಕಂಡ ಬಣ್ಣ ನೋಡಿದ, ಹೊಟ್ಟೆ ನೋಡಿದ. ಕಳೆದ ಸಲ ಆಸ್ಪತ್ರೆಯಲ್ಲಿ ಅವಳು ಗೋಡೆಯ ಕಡೆ ತಿರುಗಿ ಮಲಗಿದ್ದು ನೆನಪಾಯಿತು. ಬಾಯಿವರೆಗೆ ಬಂದ ಮಾತು ಹಾಗೇ ಇಳಿದುಹೋಯಿತು.

ಶನಿವಾರ ಮಧ್ಯಾಹ್ನ ಇಲೋಯ್ಲೊ ಕಡೆಯವರೇ ನಡೆಸುವ ಒಂದು ಸಣ್ಣ ಹೋಟೆಲಿಗೆ ಬತ್ಚೊಯ್ ಉಣ್ಣಲು ಹೋದರು. ಬಿಸಿ ಸಾರು, ಶಾವಿಗೆ, ಮೇಲೆ ಕರಿದ ಹಂದಿ ಚರ್ಮದ ಪುಡಿ. ಒಂದು ಚಮಚ ಬಾಯಿಗಿಟ್ಟು ರೊವೆನಾ ಕಣ್ಣು ಮುಚ್ಚಿದಳು. ನಂತರ ಚಮಚ ಕೆಳಗಿಟ್ಟು ಕೈ ಚಾಚಿದಳು.

"ನಿನ್ನ ಫೋನು ಕೊಡು. ನಾನಾಯ್ ಮುಖ ನೋಡ್ಬೇಕು. ದಿನಾ ನಿನ್ನ ಕೈಲಿ ಕೇಳಿಸ್ತಿದೀನಿ, ಒಂದಿನ ನಿದ್ದೆ, ಒಂದಿನ ಹಲ್ಲುನೋವು, ಒಂದಿನ ಪ್ರಾರ್ಥನೆಗೆ ಹೋಗಿದಾರೆ. ಇವತ್ತು ಏನು ನೆಪ ಹೇಳ್ತಾರೆ ನೋಡೋಣ."

"ಉಂಡು ಮಾಡು, ಆರಿಹೋಗುತ್ತೆ."

"ಕೊಡು, ಕ್ರಿಸ್ಪಿನ್."

ಅವಳು ಲಾಂಗ್ಗಾ ಅನ್ನದೆ ಹೆಸರು ಹಿಡಿದು ಕರೆದರೆ ಮುಂದೆ ಮಾತಿಲ್ಲ. ಕೊಟ್ಟ. ಮೆಲಿಂಡಾ ಅಡುಗೆಮನೆಯ ಮೂಲೆಗೆ ಹೋಗಿ ಕರೆ ತೆಗೆದಳು. ಮುಖ ತೊಳೆದು ಪೌಡರ್ ಹಾಕಿಕೊಂಡಿದ್ದಳು, ಪಾಪ. ಚೆನ್ನಾಗಿದೀಯಾ, ಮಗು ಒದೀತಿದೆಯಾ ಎಂದೆಲ್ಲ ಕೇಳಿದಳು. ನಾನಾಯ್ ಈಗ ತಾನೇ ಪಕ್ಕದ ಮನೆಗೆ ಹೋದರು ಅಂದಳು. ಅಷ್ಟರಲ್ಲಿ ಅವಳ ಪುಟ್ಟ ಮಗಳು ಜಿಲ್ಲಿ, ಅಮ್ಮಾ ಜ್ಯೂಸು ಎಂದು ಎದುರಿಗೆ ಬಂದು ನಿಂತಳು. ಮೈತುಂಬ ಕೆಂಪು ಫ್ರಾಕು. ಮಗುವನ್ನು ಪಕ್ಕಕ್ಕೆ ಸರಿಸುವ ಗಡಿಬಿಡಿಯಲ್ಲಿ ಮೆಲಿಂಡಾಳ ಕೈ ಅಲುಗಿ ಫೋನು ನೆಲ ತೋರಿಸಿತು. ಕಲ್ಲಂಗಡಿ ಬೀಜದ ಸಿಪ್ಪೆ, ಬಿಸ್ಕತ್ತಿನ ಕಾಗದ, ಕಡಲೆಕಾಯಿ ಹೊಟ್ಟು, ಕಾಲಿಡಲು ಜಾಗವಿಲ್ಲ.

ರೊವೆನಾ ಫೋನನ್ನು ಕಣ್ಣಿನ ಹತ್ತಿರಕ್ಕೆ ತಂದುಕೊಂಡಳು. ಕ್ರಿಸ್ಪಿನ್‌ನೂ ಅದನ್ನು ನೋಡಿದ. ಸತ್ತವರು ಕನಸಲ್ಲಿ ಬಂದು ಹೆದರಿಸದಿರಲೆಂದು ಜಾಗರಣೆ ಮನೆಯ ಮಕ್ಕಳಿಗೆ ಕೆಂಪು ಉಡಿಸುತ್ತಾರೆ. ಹೆಣ ಮನೆ ಬಿಡುವವರೆಗೂ ಯಾರೂ ಪೊರಕೆ ಮುಟ್ಟುವುದಿಲ್ಲ, ಮುಟ್ಟಿದರೆ ಇನ್ನೊಬ್ಬರನ್ನೂ ಗುಡಿಸಿ ಹಾಕಿದಂತೆ. ನಂಟರ ಬಾಯಿಗೆಲ್ಲ ಬೀಗ ಹಾಕಿದ ಈ ಜಾಣರು ನೆಲವನ್ನೊಂದು ಮರೆತಿದ್ದರು.

"ಮನಾಂಗ್, ಜಿಲ್ಲಿಗೆ ಕೆಂಪು ಯಾಕೆ ಹಾಕಿದೀಯ?"

"ಚೆನ್ನಾಗಿ ಕಾಣುತ್ತೆ ಅಂತ ಕಣೇ."

"ನೆಲ ಯಾಕೆ ಗುಡಿಸಿಲ್ಲ?"

ಆ ಕಡೆಯಿಂದ ಯಾರೋ ಜಪಮಾಲೆ ಹಿಡಿದು ಪ್ರಾರ್ಥನೆ ಹೇಳುವ ಸದ್ದು ಕೇಳುತ್ತಿತ್ತು.

"ನಾನಾಯ್ ಬದುಕಿದ್ದಿದ್ರೆ ಆ ನೆಲ ಹಂಗಿರ್ತಿತ್ತಾ, ಮನಾಂಗ್?"

ಮೆಲಿಂಡಾ ಬಾಯಿಗೆ ಕೈ ಒತ್ತಿಕೊಂಡು ಅಳತೊಡಗಿದಳು. ರೊವೆನಾ ಅಳಲಿಲ್ಲ. ಗಂಡನ ಕಡೆ ತಿರುಗಿದಳು. ಅವನು ಬೆಚ್ಚಿ ಬೀಳಲಿಲ್ಲ, ಏನಾಯಿತು ಎಂದು ಕೇಳಲಿಲ್ಲ. ತಲೆ ತಗ್ಗಿಸಿ ಕೂತಿದ್ದ. ಅಷ್ಟು ಸಾಕಾಯಿತು ಅವಳಿಗೆ.

"ಯಾವತ್ತಿಂದ ಗೊತ್ತು?"

"ಬಸ್ ಹತ್ತೋ ದಿನ."

"ಆ ನೈಟಿ ತಗೋವಾಗ ಗೊತ್ತಿತ್ತಾ?"

ಅವನು ತಲೆಯಾಡಿಸಿದ.

"ದೊಡ್ಡದು ತಗೋ ಅಂದ್ಯಲ್ಲೋ." ಅವಳ ದನಿ ಆಗಲೂ ಮೆತ್ತಗೇ ಇತ್ತು, ಪಕ್ಕದ ಮೇಜಿನವರು ತಿರುಗಿಯೂ ನೋಡಲಿಲ್ಲ. "ನಿಮ್ಮಪ್ಪನ ವಿಷಯ ನೀನೇ ಒಂದ್ಸಲ ನಂಗೆ ಹೇಳಿದ್ದೆ. ಅವರನ್ನ ಯಾರನ್ನೂ ನಾನು ಕ್ಷಮಿಸಿಲ್ಲ ಅಂತ ನನ್ನ ತೊಡೆ ಮೇಲೆ ತಲೆಯಿಟ್ಟು ಅತ್ತಿದ್ದೆ. ಆ ನೋವು ಏನಂತ ಗೊತ್ತಿದ್ದ ಒಬ್ಬನೇ ಮನುಷ್ಯ ನೀನು. ನೀನೇ ಮಾಡಿದ್ಯಲ್ಲ."

"ಮಗುಗೆ ಏನಾದ್ರೂ ಆದ್ರೆ ಅಂತ ಹೆದರಿಕೆ ಆಯ್ತು, ಲಾಂಗ್ಗಾ."

"ನಂಗೂ ಮಗುವಿನ ಹೆದರಿಕೆ ಇದೆ. ಆ ಹೆದರಿಕೆಗೂ ಅಮ್ಮನೇ ಬೇಕಿತ್ತು ನಂಗೆ." ಎಂದವಳು ಫೋನಿನ ಕಡೆ ತಿರುಗಿ ಕೇಳಿದಳು, "ಮಣ್ಣು ಯಾವಾಗ?"

"ಇವತ್ತು," ಎಂದಳು ಮೆಲಿಂಡಾ. "ಡೊಡೋಂಗ್ ನಿನ್ನೆ ಬಂದ. ಇನ್ನೇನು ಚರ್ಚಿಗೆ ಹೊರಡ್ತೀವಿ."

"ತಮ್ಮ ಸಮುದ್ರದಾಚೆಯಿಂದ ಬರೋವರೆಗೂ ಕಾದ್ರಿ. ನಂಗೊಂದು ಮಾತು ಹೇಳೋಕಾಗ್ಲಿಲ್ಲ."

ಕ್ರಿಸ್ಪಿನ್ ಎದ್ದ. ಹೋಟೆಲಿನ ಹೆಂಗಸಿನ ಫೋನು ಬೇಡಿಕೊಂಡು ವಿಮಾನ ಹುಡುಕಿದ. ಟಿಕೆಟ್ ಏಜೆಂಟರಿಗೆ ಕರೆ ಮಾಡಿ, ಗೋಗರೆದು, ಮೊದಲ ಬಾರಿಗೆ ದನಿಯೇರಿಸಿ ಕೂಗಾಡಿದ. ಯಾವ ದಾರಿಯಿಂದ ಹೋದರೂ ನಾಳೆಯೇ. ಅಳಿಯನೇ ಮುಚ್ಚಿಟ್ಟು ಅತ್ತೆಯ ಮಣ್ಣಿಗೆ ಮಗಳಿಲ್ಲದಂತೆ ಮಾಡಿದ ಎಂಬ ಮಾತು ಇನ್ನು ತನ್ನ ಆಯುಸ್ಸಿಗೆಲ್ಲ ಅಂಟಿಕೊಂಡಿರುತ್ತದೆ ಎಂದು ಅವನಿಗೆ ಗೊತ್ತಾಯಿತು. ಅದಕ್ಕಿಂತ ಹೆಚ್ಚಾಗಿ ಅವನನ್ನು ಸುಟ್ಟದ್ದು, ಅವಳು ಅವನನ್ನು ಬೈಯದೆ ಇದ್ದದ್ದು.

ವಾಪಸ್ಸು ಮೇಜಿಗೆ ಬಂದಾಗ ರೊವೆನಾ ಅಕ್ಕನನ್ನು ಬೇಡುತ್ತಿದ್ದಳು.

"ಮುಖ ತೋರ್ಸು. ಒಂದೇ ಒಂದ್ಸಲ."

"ಬಸುರಿ ನೋಡ್ಬಾರ್ದು ಇಂಡೈ, ಮಾತು ಕೇಳು."

"ನಾಳೆಯಿಂದ ಯಾವ ಮುಖ ನೋಡ್ಲಿ ನಾನು? ತೋರ್ಸು ಮನಾಂಗ್, ಕಾಲಿಗೆ ಬೀಳ್ತೀನಿ."

ಮೆಲಿಂಡಾ ಸೋತಳು. ಫೋನು ಮನೆಯೊಳಗೆ ಅಲುಗಾಡುತ್ತಾ ಹೋಯಿತು. ಹೂಗಳು, ಬಿಳಿ ಅಂಗಿಗಳು, ಬೆನ್ನುಗಳು. ಆಮೇಲೆ ಪೆಟ್ಟಿಗೆಯ ಮೇಲಿನ ಗಾಜು ಬಂತು. ದೀಪದ ಬೆಳಕು ಗಾಜಿಗೆ ಬಡಿದು ಎಲ್ಲ ಬೆಳ್ಳಗೆ ಕಂಡಿತು. ಮೆಲಿಂಡಾ ಈ ಕಡೆ ಬಾಗಿಸಿದಳು, ಆ ಕಡೆ ಬಾಗಿಸಿದಳು. ಗಾಜಿನಲ್ಲಿ ಕಂಡದ್ದು ಮೆಲಿಂಡಾಳ ಕೈ, ಕೈಯಲ್ಲಿದ್ದ ಫೋನು. ಅದರೊಳಗೆ ಚುಕ್ಕಿಯಷ್ಟು ಚಿಕ್ಕದಾಗಿ ರೊವೆನಾಳ ಮುಖವೇ ಇದ್ದಿರಬೇಕು. ಅಮ್ಮ ಮಾತ್ರ ಕಾಣಲಿಲ್ಲ.

ಆ ಕಡೆಯಿಂದ ಯಾರೋ ಮುದುಕಿ ಗದರಿದಳು. "ದೂರ ನಿಂತು ಅಳು ಮೆಲಿಂಡಾ. ಗಾಜಿನ ಮೇಲೆ ಕಣ್ಣೀರು ಬಿದ್ರೆ ಹೋಗೋರಿಗೆ ದಾರಿ ಭಾರ ಆಗುತ್ತೆ."

ರೊವೆನಾ ಫೋನಿನ ಮೇಲೆ ಬಾಗಿದ್ದಳು. ಕಣ್ಣೀರು ಹನಿಹನಿಯಾಗಿ ಅದರ ಮೇಲೆ ಬೀಳುತ್ತಿತ್ತು. ಕ್ರಿಸ್ಪಿನ್ ಅಂಗಿಯ ತುದಿ ಹಿಡಿದು ಒರೆಸಲು ಹೋದ. ಅವಳು ಅವನ ಕೈ ಸರಿಸಿದಳು.

"ಬಿಡು, ಬೀಳ್ಲಿ. ನನ್ನದು ಅಲ್ಲಿಗೆ ತಲುಪಲ್ಲ."