ಚರ್ಚಿನೊಳಗೆ ಹಸೆ ಹಾಕಿದ ಸಂಜೆ

ನನ್ನ ಗಂಟಲು ದೊಡ್ಡದು. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ಮಾಡಿ ಅದು ಇನ್ನಷ್ಟು ದೊಡ್ಡದಾಗಿದೆ. ಈ ಒಂದೇ ಯೋಗ್ಯತೆಯ ಮೇಲೆ, ಚನ್ನಪಟ್ಟಣದ ನಮ್ಮ ಬೀದಿಯ ತುದಿಯಲ್ಲಿರುವ ಚರ್ಚಿನ ಶನಿವಾರದ ಕಾರ್ಯಕ್ರಮಗಳಿಗೆ ನಾನು ನಿರೂಪಕಿಯಾದೆ. ನಾನು ಆ ಚರ್ಚಿನವಳಲ್ಲ. ಶನಿವಾರ ಬಂತೆಂದರೆ ಹನುಮಂತರಾಯನ ಗುಡಿಗೆ ಹೋಗುವವರು ನಾವು. ಈಗ ಬೆಳಿಗ್ಗೆ ಗುಡಿ, ಸಂಜೆ ಚರ್ಚು. "ಎರಡೂ ಕಡೆ ಹಾಜ್ರಿ ಹಾಕ್ತಿದ್ದೀಯ, ಎಲ್ಲಾದ್ರೂ ಒಂದ್ ಕಡೆ ಪಾಸಾಯ್ತೀಯ ಬುಡು" ಎಂದು ನನ್ನ ಗಂಡ ಕಿಚಾಯಿಸುತ್ತಾರೆ.

ಇದನ್ನೆಲ್ಲ ಶುರು ಮಾಡಿದ್ದು ಅಲ್ಲಿನ ಸಭಾಪಾಲಕರು. ಹೆಂಗಸೊಬ್ಬರು ಪಾದ್ರಿಯಾಗಿ ಬಂದದ್ದೇ ನಮಗೆ ಹೊಸದು. ಆಕೆ ಸ್ಕೂಟರಿನಲ್ಲಿ ಬಂದಿಳಿದ ಒಂದೇ ವಾರಕ್ಕೆ ಊರು ಅವರಿಗೆ ಪಾದ್ರಮ್ಮ ಎಂದು ಹೆಸರಿಟ್ಟು ಸುಮ್ಮನಾಯಿತು. "ಭಾನುವಾರ ಬಿಟ್ಟರೆ ಇಷ್ಟು ದೊಡ್ಡ ಹಾಲಿನಲ್ಲಿ ಪಾರಿವಾಳಗಳದ್ದೇ ಹಾಡು. ಮಿಕ್ಕವರೂ ಹಾಡಲಿ" ಎನ್ನುವುದು ಅವರ ವಾದ. ಷರತ್ತು ಎರಡೇ. ಯಾರ ದೇವರನ್ನೂ ಹೀಯಾಳಿಸಬಾರದು, ಮತ್ತು ಹಳ್ಳಿಯವರಿಗೆ ಬಸ್ಸು ತಪ್ಪದ ಹಾಗೆ ಏಳು ಗಂಟೆಗೆ ಮುಗಿಸಬೇಕು. ಎರಡನೆಯದನ್ನು ಪಾಲಿಸುವುದೇ ನಮ್ಮ ಜನಕ್ಕೆ ಕಷ್ಟವಾಯಿತು.

ಮೊದಲ ತಿಂಗಳು ಗೊಂಬೆ ಕೆಲಸದ ಭಾಯಿಗಳು ಕವ್ವಾಲಿ ಹಾಡಿದರು. ಬಂದವರೆಲ್ಲ ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಸಾಲು ಸಾಲು ಬೆಂಚುಗಳನ್ನು ಖಾಲಿ ಬಿಟ್ಟು ನೆಲದ ಮೇಲೆ ಕೂತರು. ದೇವರ ಮನೆಯಲ್ಲಿ ಕುರ್ಚಿಯ ಮೇಲೆ ಕೂರುವುದುಂಟೇ? ಪಾದ್ರಮ್ಮನೂ ಬಂದು ಅವರ ನಡುವೆ ಚಕ್ಕಂಬಕ್ಕಳ ಹಾಕಿದರು. ಮುಂದಿನ ತಿಂಗಳು ರಾಮನಗರದ ಮಂಗಳಮುಖಿಯರ ತಂಡ ನಾಟಕ ಆಡಿತು. ಅದರ ಮುಂದಿನ ಸಲ ವಿರೂಪಾಕ್ಷಿಪುರದ ಕಡೆಯ ತಮಟೆಯವರು ಬಂದು ಕಿಟಕಿಯ ಗಾಜು ಗಡಗಡ ಅನ್ನಿಸಿದರು. ಚರ್ಚಿನ ಹಿರಿಯರೊಬ್ಬರಿಗೆ ಇದೆಲ್ಲ ಅಷ್ಟಾಗಿ ಸೇರುತ್ತಿರಲಿಲ್ಲ. ಅವರು ಎರಡೂ ಕಿವಿಗೆ ಬೆರಳಿಟ್ಟುಕೊಂಡು ಕೂತಿದ್ದರು, ಆದರೆ ಕಾಲು ಮಾತ್ರ ತಾಳ ಹಾಕುತ್ತಿತ್ತು. ನಾನು ನೋಡಿದ್ದನ್ನು ಅವರೂ ನೋಡಿದರು. ಅಂದಿನಿಂದ ನನ್ನನ್ನು ಕಂಡರೆ ಅವರಿಗೆ ಒಸಿ ಮುಜುಗರ.

ಹೀಗಿರುವಾಗ ಪಾದ್ರಮ್ಮ, "ಸೋಬಾನೆ ಪದ ಹೇಳುವವರು ಯಾರಾದರೂ ಇದ್ದಾರಾ ಟೀಚರ್?" ಎಂದು ಕೇಳಿದರು. ಮದುವೆಯಲ್ಲಿ ಹೆಣ್ಣುಗಂಡನ್ನು ಹಸೆಯ ಮೇಲೆ ಕೂರಿಸಿ ಹೆಂಗಸರು ಹೇಳುವ ಪದಗಳು ಅವು. "ಯಾರಾದರೂ ಏನು ಬಂತು, ನಮ್ಮ ದೊಡ್ಡವ್ವನೇ ಇದ್ದಾಳೆ" ಎಂದುಬಿಟ್ಟೆ. ಅಂದ ಮೇಲೆ ನನಗೇ ನಾಚಿಕೆಯಾಯಿತು.

ದೊಡ್ಡವ್ವ ನನ್ನ ತಾಯಿಯ ಅಕ್ಕ. ಅಕ್ಕೂರಿನಲ್ಲಿ ಮಗನ ಮನೆಯಲ್ಲಿದ್ದಾಳೆ. ಒಂದು ಕಾಲದಲ್ಲಿ ಆ ಸುತ್ತಿನ ಯಾವ ಮದುವೆಯೂ ಅವಳ ಪದವಿಲ್ಲದೆ ನಡೆಯುತ್ತಿರಲಿಲ್ಲ. ದೊಡ್ಡಪ್ಪ ತೀರಿಕೊಂಡ ಮೇಲೆ ಅವಳನ್ನು ಪದಕ್ಕೆ ಕರೆಯುವುದು ನಿಂತಿತು. ಯಾರೂ ಬೇಡ ಅನ್ನಲಿಲ್ಲ. ಕರೆಯಲಿಲ್ಲ, ಅಷ್ಟೆ. ಕರೆಯದವರಲ್ಲಿ ನಾನೂ ಒಬ್ಬಳು. ನನ್ನ ಮಗಳ ಮದುವೆಯಲ್ಲಿ ಹಸೆಗೆ ಕರೆಯುವ ಹೊತ್ತಿಗೆ ಸ್ಪೀಕರಿನಲ್ಲಿ ಯಾರದೋ ಹಾಡು ಹಾಕಿಸಿದ್ದೆ. ಆರತಿ ತಟ್ಟೆ ಎತ್ತುವಾಗ ಎದುರಿಗೇ ಇದ್ದ ದೊಡ್ಡವ್ವ ತಾನಾಗಿ ಎರಡು ಹೆಜ್ಜೆ ಹಿಂದೆ ಸರಿದಳು. ನಾನು ನೋಡಿದೆ. ನೋಡಿಯೂ ತಟ್ಟೆಯನ್ನು ಪಕ್ಕದವರ ಕೈಗೆ ಕೊಟ್ಟೆ. ಕ್ಲಾಸಿನಲ್ಲಿ ಸಮಾನತೆಯ ಮೇಲೆ ಪ್ರಬಂಧ ಬರೆಸುವವಳು ನಾನೇ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ನನಗೆ ಹಿತ್ತಲೇ ಮರೆತುಹೋಗಿತ್ತು.

ಅಕ್ಕೂರಿಗೆ ಹೋದಾಗ ಅವಳು ರೇಷ್ಮೆ ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಹಾಕುತ್ತಿದ್ದಳು. ವಿಷಯ ಹೇಳಿದೆ.

"ನಂಗ್ಯಾಕವ್ವ ಅದೆಲ್ಲ?" ಎಂದಳು.

"ಅಲ್ಲಿ ಯಾರೂ ಏನೂ ಅನ್ನಲ್ಲ ದೊಡ್ಡವ್ವ."

"ಅನ್ನೋರು ಇಲ್ಲೂ ಇಲ್ಲ ಕಣವ್ವ, ಕರ್ಯೋರಿಲ್ಲ." ಸೊಪ್ಪು ಹರಡುತ್ತಲೇ ಕೇಳಿದಳು, "ಅಲ್ಲಿ ಮದ್ವೆ ಯಾರ್ದು?"

"ಮದುವೆ ಯಾರದೂ ಇಲ್ಲ. ಕಾರ್ಯಕ್ರಮ."

ಅವಳಿಗೆ ಅದು ತಲೆಗೆ ಹತ್ತಲಿಲ್ಲ. ಆದರೆ ಕರೆಯಲು ಬಂದಿದ್ದೆನಲ್ಲ, ಅದು ಹತ್ತಿತು. "ಹುಳ ಗೂಡು ಕಟ್ಲಿ, ಬತ್ತೀನಿ" ಎಂದಳು.

ಆ ಶನಿವಾರ ನನ್ನ ಸಂಭ್ರಮ ಕೇಳಬೇಡಿ. ವೇದಿಕೆ ಬೋಳಾಗಿ ಕಾಣಬಾರದೆಂದು ಪಕ್ಕದ ಗೊಂಬೆ ಅಂಗಡಿಯಿಂದ ಅರಗಿನ ಬಣ್ಣ ಹಾಕಿದ ಮಣೆಯೊಂದನ್ನು ಕೇಳಿ ತಂದೆ. ರಂಗೋಲಿ ಬಿಟ್ಟು, ಅಕ್ಕಿ ಹರಡಿ, ಅದರ ಮೇಲೆ ಮಣೆ ಇಟ್ಟೆ. ಅರಿಸಿನ ಸುಣ್ಣ ಕದಡಿ ಆರತಿ ತಟ್ಟೆಯನ್ನೂ ಸಿದ್ಧ ಮಾಡಿದೆ. ಫೋಟೋದಲ್ಲಿ ಬಹಳ ಚೆನ್ನಾಗಿ ಬಂತು. ದೊಡ್ಡವ್ವ ತನ್ನ ಜೊತೆಯ ಇಬ್ಬರು ಹೆಂಗಸರೊಂದಿಗೆ ಬಂದು ಮೈಕಿನ ಮುಂದೆ ಕೂತಳು. ನಾನು ದೊಡ್ಡ ದನಿಯಲ್ಲಿ ಪರಿಚಯ ಮಾಡಿಕೊಟ್ಟೆ. ಜನ ಚಪ್ಪಾಳೆ ತಟ್ಟಿದರು. ಮೂವರೂ ಬಾಯಿ ಬಿಡಲಿಲ್ಲ.

ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಹೇಳಿದೆ. ಇಲ್ಲ. ಮೂರನೆಯ ಸಲವೂ ಹೇಳಿದೆ. ಜನ ಕೆಮ್ಮತೊಡಗಿದರು. ಸಭಾಕಂಪನ ಇರಬೇಕು ಎಂದುಕೊಂಡು ಹತ್ತಿರ ಹೋಗಿ ಬಗ್ಗಿದೆ. ದೊಡ್ಡವ್ವ ಪಿಸುಮಾತಿನಲ್ಲೇ ಹೇಳಿದಳು, ಆದರೆ ಮೈಕು ಮುಂದಿತ್ತು.

"ಹಸೆ ಹಾಕ್ಬುಟ್ಟು ಅದ್ರ ಮ್ಯಾಲೆ ಯಾರ್ನೂ ಕೂರಿಸ್ದೆ ಪದ ಯೋಳು ಅಂತೀಯಲ್ಲ, ಯಾರ್ಗೇ ಯೋಳ್ಲಿ? ಖಾಲಿ ಹಸೆಗೆ ಸೋಬಾನೆ ಯೋಳ್ಬಾರ್ದು. ಯಾರ್ಗೂ ಒಳ್ಳೇದಲ್ಲ."

"ಅದು ಬರೀ ಅಲಂಕಾರಕ್ಕೆ ದೊಡ್ಡವ್ವ."

"ಹಸೆ ಅಲಂಕಾರನಾ? ಟೀಚರಮ್ಮ ಆಗಿ ಇಷ್ಟೂ ಗೊತ್ತಿಲ್ವಾ ನಿಂಗೆ?"

ನನ್ನ ಹಳೆಯ ವಿದ್ಯಾರ್ಥಿಗಳು ಗೊಳ್ಳೆಂದು ನಕ್ಕರು. ಎಷ್ಟೋ ವರ್ಷದ ಸೇಡು ತೀರಿತು ಅವರಿಗೆ. ನನಗೆ ಸಿಟ್ಟು ಬಂತು, ಆಮೇಲೆ ಭಯವಾಯಿತು. ದೊಡ್ಡವ್ವ ಸೆರಗು ಸರಿಮಾಡಿಕೊಂಡು ಏಳತೊಡಗಿದ್ದಳು. "ಬುಡವ್ವ, ಮದ್ವೆ ಇಲ್ದ ಕಡೆ ನಮ್ದೇನೈತೆ? ಬಸ್ಸು ಸಿಕ್ತದೆ ಈಗ್ಲೇ ಹೊಂಟ್ರೆ." ಈಗ ಎದ್ದು ಹೋದರೆ ಅವಳು ಮತ್ತೆ ಎಲ್ಲಿಯೂ ಪದ ಹೇಳುವುದಿಲ್ಲ ಎಂದು ನನಗೆ ಗೊತ್ತಾಯಿತು. ಆದರೆ ಏನು ಮಾಡಬೇಕೆಂದು ತೋಚಲಿಲ್ಲ.

ಅಷ್ಟರಲ್ಲಿ ನೆಲದ ಮೇಲಿದ್ದ ಪಾದ್ರಮ್ಮ ಎದ್ದು ಬಂದರು. "ನಾನು ಕೂತರೆ ಆಗುತ್ತಾ ಅಮ್ಮಾ? ನನಗೆ ಮದುವೆ ಆಗಿಲ್ಲ. ಹಸೆ ಮೇಲೆ ಯಾರೂ ಕೂರಿಸಿಲ್ಲ."

ದೊಡ್ಡವ್ವ ಅರ್ಧ ಎದ್ದವಳು ಹಾಗೇ ನಿಂತಳು. "ಎಷ್ಟು ವರ್ಷ ನಿಂಗೆ?"

"ಐವತ್ತೆರಡು."

"ಇರ್ಲಿ ಬುಡು. ಗಂಡೆಲ್ಲಿ?"

"ಗಂಡು ಬೇಕೇ ಬೇಕಾ?"

ದೊಡ್ಡವ್ವ ಯೋಚಿಸಿದಳು. ಸಂಗಾತಿಗಳ ಮುಖ ನೋಡಿದಳು. "ಹೆಣ್ಣಿನ್ ಮನೇಲಿ ಎಣ್ಣೆ ಶಾಸ್ತ್ರ ಮಾಡುವಾಗ ಹಸೆ ಮ್ಯಾಲೆ ಹೆಣ್ಣೊಬ್ಳೇ ಇರೋದು. ಅದ್ಕೆ ಗಂಡು ಬೇಕಿಲ್ಲ. ಕೂತ್ಕೊ ನನ್ನವ್ವ."

ಪಾದ್ರಮ್ಮ ಮಣೆಯ ಮೇಲೆ ಕೂತರು. ದೊಡ್ಡವ್ವ ಕಣ್ಣು ಮುಚ್ಚಿ ದನಿ ಎತ್ತಿದಳು. ಮೊದಲ ಸಾಲಿಗೆ ದನಿ ಒಡೆಯಿತು. ಒಂದು ಗುಟುಕು ನೀರು ಕುಡಿದು ಮತ್ತೆ ಎತ್ತಿದಾಗ ಅದು ನಾನು ಚಿಕ್ಕಂದಿನಲ್ಲಿ ಚಪ್ಪರದ ಕೆಳಗೆ ನಿದ್ದೆಗಣ್ಣಿನಲ್ಲಿ ಕೇಳಿದ ಅದೇ ದನಿ. ಸಂಗಾತಿಗಳು ಪ್ರತಿ ಸಾಲಿಗೂ ಸೋಬಾನೆ ಎಂದು ಎತ್ತಿಕೊಟ್ಟರು. ಶಾಸ್ತ್ರದ ಪದಗಳು ಮುಗಿದ ಮೇಲೆ ಕಿಚಾಯಿಸುವ ಪದ ಶುರುವಾಯಿತು. ಬಾಗಿಲಲ್ಲಿ ನಿಂತಿದ್ದ ಸ್ಕೂಟರನ್ನು ಬರುವಾಗಲೇ ನೋಡಿದ್ದಳೆಂದು ಕಾಣುತ್ತದೆ, ಅಲ್ಲೇ ಕಟ್ಟಿ ಹೇಳಿದಳು:

"ಎರಡು ಗಾಲಿ ಕುದ್ರೆ ಏರಿ ಬಂದಾಳೆ ನಮ್ಮ ಹೆಣ್ಣು
ಹಿಂದೆ ಕೂರೋ ಧೈರ್ಯ ಇರೋ ಗಂಡು ಯಾವೂರಲ್ಲೈತೆ"

ಜನ ಬಿದ್ದುಬಿದ್ದು ನಕ್ಕರು. ಕೈಕಟ್ಟಿ ಕೂತಿದ್ದ ಚರ್ಚಿನ ಆ ಹಿರಿಯರನ್ನೂ ಬಿಡಲಿಲ್ಲ. ಈ ಬೀಗರು ಒಬ್ಬಟ್ಟು ಸಾಲದೆಂದು ಮುನಿಸಿಕೊಂಡಿದ್ದಾರೆ ಎಂದು ಪದ ಕಟ್ಟಿದಳು. ಅವರು ಕೆಂಪಗಾಗಿ, ನಗು ತಡೆಯಲಾರದೆ ಕರವಸ್ತ್ರ ಹುಡುಕಿದರು. ಖಾಲಿ ಹಸೆ ಹಾಕಿದ ಟೀಚರಮ್ಮನಿಗೂ ಒಂದು ಪದ ಸಿಕ್ಕಿತು. ಅದನ್ನು ಇಲ್ಲಿ ಬರೆಯಲಾರೆ.

ಕೊನೆಗೆ ಆರತಿ. ದೊಡ್ಡವ್ವನೇ ಆರತಿಯ ಪದ ಎತ್ತಿದಳು, ಆದರೆ ತಟ್ಟೆ ಮುಂದೆ ಬಂದ ಕೂಡಲೇ ಸಂಗಾತಿಗೆ ದಾರಿ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದಳು. ಯಾರೂ ಹೇಳಿರಲಿಲ್ಲ. ಕಾಲಿಗೇ ರೂಢಿಯಾಗಿತ್ತು. ಪಾದ್ರಮ್ಮ ಹಸೆಯ ಮೇಲಿಂದಲೇ, "ಅಮ್ಮಾ, ಪದ ಹೇಳಿದವರೇ ಬೆಳಗಲಿ" ಎಂದರು.

ದೊಡ್ಡವ್ವ ಅವರನ್ನು ನೋಡಲಿಲ್ಲ. ನನ್ನನ್ನು ನೋಡಿದಳು. ಇಡೀ ಹಾಲಿನಲ್ಲಿ ಅವಳ ನೆಂಟಳೆಂದು ಇದ್ದವಳು ನಾನೊಬ್ಬಳೇ. ಅವಳು ಅಪ್ಪಣೆ ಕೇಳುತ್ತಿದ್ದಳು. ನನ್ನಂಥವಳ ಅಪ್ಪಣೆ! ಕೈಯಲ್ಲಿದ್ದ ಮೈಕು ಇನ್ನೂ ಬಾಯಿಯ ಹತ್ತಿರವೇ ಇತ್ತು.

"ಬೆಳಗು ದೊಡ್ಡವ್ವ."

ಹೇಳಿದ್ದು ಊರಿಗೆಲ್ಲ ಕೇಳಿಸಿತು. ಅವಳು ಎರಡೂ ಕೈಯಲ್ಲಿ ತಟ್ಟೆ ಹಿಡಿದು ಮೂರು ಸುತ್ತು ನಿಧಾನಕ್ಕೆ ಬೆಳಗಿದಳು. ಕೊನೆಯ ಸುತ್ತಿಗೆ ಕೆಂಪು ನೀರು ತುಳುಕಿ ಪಾದ್ರಮ್ಮನ ಬಿಳಿ ಸೀರೆಗೆ ಸಿಡಿಯಿತು. "ಇರಲಿ ಬಿಡಿ" ಎಂದು ಅವರು ನಕ್ಕರು. ಜನ ಬಹಳ ಹೊತ್ತು ಚಪ್ಪಾಳೆ ತಟ್ಟಿದರು. ಏಳು ಗಂಟೆಯ ಷರತ್ತನ್ನು ಆವತ್ತು ಪಾದ್ರಮ್ಮನೇ ಮುರಿದರು.

ಬಸ್ ಸ್ಟ್ಯಾಂಡಿಗೆ ನಡೆಯುವಾಗ ದೊಡ್ಡವ್ವ ಖುಷಿಯಲ್ಲಿದ್ದಳು. ಆ ಹಿರಿಯರ ಮುಖ ನೆನೆದು ಒಬ್ಬಳೇ ನಗುತ್ತಿದ್ದಳು, ಸಂಗಾತಿಗಳು ಎಲ್ಲಿ ತಾಳ ತಪ್ಪಿದರೆಂದು ಲೆಕ್ಕ ಒಪ್ಪಿಸುತ್ತಿದ್ದಳು. ನಮ್ಮ ಪುಣ್ಯಕ್ಕೆ ಬಸ್ಸೂ ಆವತ್ತು ತಡವಾಗಿ ಬಂತು. ಮೆಟ್ಟಿಲ ಮೇಲೆ ಕಾಲಿಟ್ಟವಳು ತಿರುಗಿ, ನನ್ನ ಕೆನ್ನೆ ಮುಟ್ಟಿ, ಅದೇ ನಗುಮುಖದಲ್ಲಿ ಹೇಳಿದಳು:

"ನಿನ್ ಮಗಳ್ ಮದ್ವೇಲೂ ಇದೊಂದ್ ಮಾತ್ ಅಂದಿದ್ರೆ ಸಾಕಾಗಿತ್ತು ಕಣವ್ವ."