ಸಾವಿರ ತುಂಬೆ ಹೂವು

ಕಳೆ ಕೀಳುವುದರಲ್ಲಿ ಅಕ್ಕಯ್ಯಮ್ಮನನ್ನು ಮೀರಿಸುವವರು ಬಂಗಾರಪೇಟೆಯ ಸುತ್ತಮುತ್ತ ಇರಲಿಲ್ಲ. ರಾಗಿ ಪೈರಿನ ನಡುವೆ ಅವಳು ಕುಕ್ಕರಗಾಲಲ್ಲಿ ಕೂತು ಸರಿಯುತ್ತಾ ಹೋದರೆ ಹಿಂದೆ ಬರೀ ರಾಗಿ ಉಳಿಯುತ್ತಿತ್ತು. ನಾಲ್ಕೆಲೆಯ ಸಸಿಯನ್ನೂ ಬೆರಳಲ್ಲೇ ಗುರುತು ಹಿಡಿಯುತ್ತಿದ್ದಳು. ತುಂಬೆಯಾದರೆ ದಂಟು ಚೌಕ, ಎಲೆ ತರಿತರಿ, ಹಿಸುಕಿದರೆ ಘಾಟು. ಗುರುತು ಹಿಡಿಯುವುದು ಕಿತ್ತೆಸೆಯುವುದಕ್ಕೆ, ಅಷ್ಟೆ.

೧೯೫೮ರ ಶ್ರಾವಣದಲ್ಲಿ, ಕೂಲಿಗೆ ಹೋಗಿದ್ದ ಕೋದಂಡಪ್ಪನ ಹೊಲದಲ್ಲಿ ಹೂಬಿಟ್ಟ ತುಂಬೆ ಗಿಡವೊಂದು ಅವಳ ಕೈಯಲ್ಲಿದ್ದಾಗಲೇ ಸುದ್ದಿ ಬಂತು. ಚಿನ್ನದ ಗಣಿಯೊಳಗೆ ಬಂಡೆ ಸಿಡಿದಿದೆ, ಅಲ್ಲಿ ಕೆಲಸಕ್ಕಿದ್ದ ಅವಳ ಗಂಡ ಮುನಿಸ್ವಾಮಪ್ಪ ಕೆಳಗೇ ಸಿಕ್ಕಿಕೊಂಡಿದ್ದಾನೆ. ಕೈಯಲ್ಲಿದ್ದ ಗಿಡವನ್ನೇ ಕಣ್ಣಿಗೊತ್ತಿಕೊಂಡು, “ಈಶ್ವರಾ, ಅವ್ನು ಜೀವಂತ ಮೇಲಕ್ಕೆ ಬಂದ್ರೆ ಬರೋ ಶಿವರಾತ್ರಿಗೆ ಸಾವಿರ ತುಂಬೆ ಊವು ಆಕ್ತೀನಿ” ಎಂದು ಹರಕೆ ಹೊತ್ತಳು. ಶಿವನಿಗೆ ತುಂಬೆಯೆಂದರೆ ಪ್ರಾಣ. ಇವಳಿಗೋ ಅದು ಕಾಲಕಸ. ಇಬ್ಬರಿಗೂ ಒಪ್ಪುವ ಹರಕೆ.

ಮರುದಿನ ಮುನಿಸ್ವಾಮಪ್ಪನನ್ನು ಮೇಲೆ ತಂದರು. ಜೀವ ಉಳಿಯಿತು, ಎಡಗಾಲು ಮಂಡಿಯಿಂದ ಕೆಳಗೆ ಉಳಿಯಲಿಲ್ಲ.

ಕಾರ್ತಿಕ ಮುಗಿಯುವ ಹೊತ್ತಿಗೆ ರಾಗಿ ಕೊಯ್ಯಲು ಹೋದ ಅಕ್ಕಯ್ಯಮ್ಮ ಬದುವಿನ ಮೇಲೆ ನಿಂತುಬಿಟ್ಟಳು. ತುಂಬೆಯೆಲ್ಲ ಒಣಗಿ ಕಡ್ಡಿಯಾಗಿತ್ತು. ಮಳೆಗೆ ಹುಟ್ಟಿ ಚಳಿಗೆ ಸಾಯುವ ಗಿಡ ಅದು. ಶಿವರಾತ್ರಿಗೆ ಇನ್ನೂ ಮೂರು ತಿಂಗಳು. ಇದನ್ನು ಅವಳಷ್ಟು ಬಲ್ಲವರು ಯಾರು? ಬಲ್ಲವಳೇ ಮರೆತಿದ್ದಳು. ಹೂವು ಹಾಕದೆ ಹೋದರೆ, ಕೊಟ್ಟವನು ವಾಪಸ್ಸು ಕೇಳಿದರೆ?

ತುಂಬೆಯನ್ನು ಬಿತ್ತಿ ಬೆಳೆದವರುಂಟೆ! ಊರವರು ನಕ್ಕಾರೆಂದು ಅವಳು ಯಾರಿಗೂ ಹೇಳಲಿಲ್ಲ. ಹರಕೆಯನ್ನು ಬಾಯಿಬಿಡಬಾರದೆಂದು ಗಂಡನಿಗೂ ಹೇಳಲಿಲ್ಲ. ಒಣಗಿದ ಹೂಗುಂಡುಗಳನ್ನು ಬಚ್ಚಲ ಹಿಂದೆ ಉಜ್ಜಿ, ಮೊರದಲ್ಲಿ ಕೇರಿ, ಸಣ್ಣ ಕಂದು ಬೀಜ ಕೂಡಿಹಾಕಿದಳು. ಹಿತ್ತಲಲ್ಲಿ ಮಡಿ ಮಾಡಿ, ಗೊಬ್ಬರ ಬೆರೆಸಿ, ಬೆಳೆಗೆ ಮಾಡಿದಂತೆಯೇ ಬೀಜದ ಮೇಲೆ ಮಣ್ಣೆಳೆದಳು. ಇಪ್ಪತ್ತು ದಿನವಾದರೂ ಒಂದು ಮೊಳಕೆ ಇಲ್ಲ. ಆದರೆ ಬೀಜ ಕೇರಿದ ಜಾಗದಲ್ಲಿ, ಚೆಲ್ಲಿದ್ದ ಒಂದಿಷ್ಟು ಕಾಳು ಬಚ್ಚಲ ನೀರಿನ ತೇವಕ್ಕೆ ತಾವಾಗಿಯೇ ಹಸುರೊಡೆದಿದ್ದವು. ಅಕ್ಕಯ್ಯಮ್ಮ ಹಣೆ ಚಚ್ಚಿಕೊಂಡಳು. ಯಾರೂ ಮುಚ್ಚದೆ ಹೊಲ ತುಂಬಾ ಹುಟ್ಟುವ ಗಿಡಕ್ಕೆ ತಾನು ಮಣ್ಣು ಹೊದಿಸಿ ಉಸಿರು ಕಟ್ಟಿಸಿದ್ದಳು. ಈ ಸಲ ಬೀಜವನ್ನು ಮರಳಲ್ಲಿ ಕಲಸಿ ಮೇಲೆಯೇ ಉದುರಿಸಿ, ಕೈಯಲ್ಲಿ ನೀರು ಚಿಮುಕಿಸಿದಳು. ಎಂಟು ಹತ್ತು ದಿನಕ್ಕೆ ಮಡಿ ಹಸುರಾಯಿತು. ಗೊಬ್ಬರದ ಜೊತೆ ಬಂದ ಕೀರೆ ಸೊಪ್ಪೂ ಅಲ್ಲಲ್ಲಿ ಎದ್ದಿತ್ತು.

ಮುನಿಸ್ವಾಮಪ್ಪನಿಗೆ ಕೂತು ಉಣ್ಣುವ ಮುದ್ದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಒಂದು ಸಂಜೆ ಅಕ್ಕಯ್ಯಮ್ಮ ಕೂಲಿ ಮುಗಿಸಿ ಬಂದಾಗ ಅವನು ಮಡಿಯ ಪಕ್ಕ ಮೈಯೆಲ್ಲ ಮಣ್ಣು ಮಾಡಿಕೊಂಡು ಕೂತಿದ್ದ. ಎಷ್ಟೋ ದಿನದ ಮೇಲೆ ಅವನ ಮುಖ ಅರಳಿತ್ತು.

“ಲೇ, ಮಡಿ ತುಂಬಾ ತುಂಬೆ ಕಳೆ ಬಿದ್ದಿತ್ತು. ಎಲ್ಲಾ ಕಿತ್ತಾಕ್ದೆ. ಕೀರೆ ಸೊಪ್ಪು ಮಾತ್ರ ಬಿಟ್ಟಿವ್ನಿ, ನೋಡು.”

ಆ ಮುಖ ನೋಡಿ ಅವಳಿಗೆ ಬೈಯಲು ಬಾಯಿ ಬರಲಿಲ್ಲ. “ಒಳ್ಳೇದ್ ಮಾಡ್ದೆ ಬಿಡು” ಎಂದು ಬಚ್ಚಲ ಹಿಂದೆ ಹೋಗಿ ಅತ್ತಳು. ಅಲ್ಲಿ ತಾವಾಗಿ ಹುಟ್ಟಿದ್ದ ಹನ್ನೊಂದು ಗಿಡ ಉಳಿದಿದ್ದವು.

ಶಿವರಾತ್ರಿಯ ಬೆಳಗ್ಗೆ ಆ ಹನ್ನೊಂದು ಗಿಡದಲ್ಲಿ ಸಿಕ್ಕಿದ್ದು ಎಂಬತ್ತಮೂರು ಹೂವು. ಅಂಗೈ ಕೂಡ ತುಂಬಲಿಲ್ಲ. ಈಶ್ವರನ ಗುಡಿಯ ಮೆಟ್ಟಿಲ ಮೇಲೆ ಅವಳ ಕಾಲು ಮುಂದಕ್ಕೆ ಬರಲಿಲ್ಲ. ಕೋಲೂರಿಕೊಂಡು ಜೊತೆಗೆ ಬಂದಿದ್ದ ಮುನಿಸ್ವಾಮಪ್ಪ ಏನೆಂದು ಕೇಳಿದ್ದೇ ತಡ, ಹರಕೆ, ಸಾವಿರ ಹೂವು, ಅವನು ಕಿತ್ತ ಮಡಿ, ಎಲ್ಲ ಹೊರಗೆ ಬಂತು.

“ನಿನ್ನ ಮತ್ತೆ ಕಿತ್ಕೊಂಬಿಟ್ರೆ ನಾನೇನಯ್ಯಾ ಮಾಡ್ಲಿ?”

ತಾನು ಕಿತ್ತದ್ದು ಏನೆಂದು ಅವನಿಗೆ ಆಗ ತಿಳಿಯಿತು. ಮಡಚಿ ಕಟ್ಟಿದ ಪಂಚೆಯ ಕೆಳಗಿನ ಬರಿದಾದ ಜಾಗವನ್ನು ನೋಡಿಕೊಂಡ.

“ಅವ್ನೂ ನನ್ನ ಪೂರ್ತಿ ಎಲ್ಲಿ ಕೊಟ್ಟ? ಒಂದ್ ಕಾಲು ಇಟ್ಕೊಂಡೇ ಕೊಟ್ಟವ್ನೆ. ನೀನೂ ಇರೋದ್ ಕೊಡು. ಯಾವ್ ಮೊಕ ಇಟ್ಕೊಂಡು ಜಾಸ್ತಿ ಕೇಳ್ತಾನೆ?”

ದೇವರೆದುರು ಇಂಥ ಮಾತೇ ಎಂದು ಅವಳು ಅವನ ಬಾಯಿ ಮುಚ್ಚಿದಳು. ಮುಚ್ಚಿದವಳಿಗೇ ನಗು ತಡೆಯಲಾಗಲಿಲ್ಲ, ನಗುತ್ತಲೇ ಅತ್ತಳು. ಎಂಬತ್ತಮೂರು ಹೂವನ್ನೂ ಒಂದೊಂದಾಗಿ ಹಾಕಿದಳು.

ಆಮೇಲೂ ಹತ್ತು ವರ್ಷ ಅವಳು ಕಳೆ ಕಿತ್ತಳು. ಆದರೆ ಅವಳು ಹಾದುಹೋದ ಸಾಲಿನಲ್ಲಿ ಅಲ್ಲಲ್ಲಿ ಬಿಳಿ ಹೂವು ಉಳಿಯುತ್ತಿತ್ತು. ಕೋದಂಡಪ್ಪ ಒಮ್ಮೆ ರೇಗಿದ. “ಏನಮ್ಮಾ ಅಕ್ಕಯ್ಯಮ್ಮಾ, ತುಂಬೆ ಕಣ್ಣಿಗೆ ಕಾಣ್ಸಲ್ವಾ?”

“ಕಾಣ್ತದೆ ಕಣಣ್ಣಾ,” ಅಂದಳು ತಲೆಯೆತ್ತದೆ. “ಅದು ನಮ್ಮೆಜಮಾನ್ರ ಹರಕೆ ಪಾಲು. ಇರ್ಲಿ ಬಿಡಣ್ಣಾ.”